ಮೋರಿ ಅರಿನೋರಿಯವರೂ ಪರಭಾಷಾಭ್ಯಾಸವೂ

ಪಾಠಶಾಲೆಗಳಲ್ಲಿ ಪರಭಾಷೆಯನ್ನು ಕಡ್ಡಾಯಗೊಳಿಸುವ ಪ್ರಶ್ನೆಯೆದ್ದಾಗಲೆಲ್ಲ ಜಪಾನಿನ ಮೋರಿ ಅರಿನೋರಿಯವರ ಚರಿತ್ರೆಯು ನಮ್ಮ ಸ್ಮರಣೆಗೆ ಬರುತ್ತದೆ. 1847ರಲ್ಲಿ ಸತ್ಸುಮಾ ಸಂಸ್ಥಾನದ ಸಾಮುರಾಯ್ ಮನೆತನದಲ್ಲಿ ಜನಿಸಿದ ಇವರು, ವಿದೇಶಯಾನವು ನಿಷಿದ್ಧವಾಗಿದ್ದ 1865ರಲ್ಲಿಯೇ ಗುಪ್ತವಾಗಿ ಲಂಡನ್ನಿಗೆ ತೆರಳಿ ವ್ಯಾಸಂಗಮಾಡಿದರು. ಅಮೆರಿಕೆಯಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದಾಗ, 1872ರಲ್ಲಿ, ಸ್ವದೇಶದಲ್ಲಿ ಇಂಗ್ಲಿಷನ್ನೇ ನೆಲೆಗೊಳಿಸುವ ವಿಚಾರವಾಗಿ ಯೇಲ್ ವಿದ್ಯಾಪೀಠದ ಸಂಸ್ಕೃತ ಪಂಡಿತ ವಿಟ್ನಿಯವರಿಗೆ ಪತ್ರ ಬರೆದರು. ಇಂಗ್ಲಿಷೇ ಮಾತೃಭಾಷೆಯಾಗಿದ್ದ ಆ ಪಂಡಿತರೇ, ಜನಸಾಮಾನ್ಯರ ವಿದ್ಯೆಯು ಸ್ವಭಾಷೆಯಿಂದಲೇ ಸಾಧ್ಯವೆಂದು ಎಚ್ಚರಿಸಿದರು.

1885ರಲ್ಲಿ ಮೋರಿಯವರು ಜಪಾನಿನ ಪ್ರಥಮ ವಿದ್ಯಾಮಂತ್ರಿಗಳಾದರು. 1886ರ ಅವರ ಶಾಲಾಶಾಸನಗಳ ಕಾಲಕ್ಕೆ ವ್ಯವಸ್ಥೆಯೇ ಬೇರೆಯಾಗಿತ್ತು: ಪ್ರಾಥಮಿಕ ವಿದ್ಯೆಯು ಜಪಾನೀಭಾಷೆಯಲ್ಲಿಯೇ ನಿಂತಿತು, ಮಧ್ಯಮಶಾಲೆಗಳಲ್ಲಿ ಇಂಗ್ಲಿಷು ಪ್ರಥಮ ಪರಭಾಷೆಯಾಗಿ ಕಲಿಯಲೇಬೇಕಾದ ಪಾಠವಾಯಿತು. 1889ರ ಫೆಬ್ರವರಿ 11ರಂದು, ರಾಜ್ಯಾಂಗವು ಘೋಷಿತವಾದ ದಿನವೇ, ಇಸೆ ದೇವಾಲಯದಲ್ಲಿ ಇವರು ಅಪಚಾರವೆಸಗಿದರೆಂಬ ವದಂತಿಯನ್ನು ನಂಬಿದ ಮತಾಂಧನೊಬ್ಬನು ಇವರನ್ನು ಇರಿದನು. ಮರುದಿನ, ತಮ್ಮ 41ನೆಯ ವಯಸ್ಸಿನಲ್ಲಿ, ಇವರು ಕಾಲವಶರಾದರು.

ಮೋರಿಯವರ ಮೊದಲಿನ ಆತುರವನ್ನು ನಾವು ಒಪ್ಪೆವು. ಅವರ ದೇಶಭಕ್ತಿಯನ್ನು ಶಂಕಿಸೆವು. ಪರಭಾಷೆಯನ್ನು ಕಲಿಯುವುದು ಬೇರೆ, ಪರಭಾಷೆಯಿಂದಲೇ ಸಕಲವನ್ನೂ ಕಲಿಯುವುದು ಬೇರೆ. ಈ ಭೇದವನ್ನರಿಯದ ಕಡ್ಡಾಯವು ವಿದ್ಯೆಯನ್ನು ಕೆಲವೇ ಮಂದಿಯ ಸೊತ್ತನ್ನಾಗಿ ಮಾಡುವುದೆಂಬುದನ್ನು ಅಧಿಕಾರಿಗಳೂ ಪೋಷಕರೂ ಮರೆಯಬಾರದು.