ಟೈಟಾನಿಕ್ ಹಡಗಿನ ಥಾಮಸ್ ಆಂಡ್ರ್ಯೂಸ್

ಟೈಟಾನಿಕ್ ಮುಳುಗಿದ್ದು ಎಲ್ಲರಿಗೂ ಗೊತ್ತು. ಅದರ ನಕ್ಷೆ ಮಾಡಿದವರಲ್ಲಿ ಮುಖ್ಯರಾದವರೂ ಅದರ ಜೊತೆಗೇ ಮುಳುಗಿದರು ಅಂತ ಗೊತ್ತಾ? ಅವರ ಜೀವನವನ್ನು ನಾನು ಇಲ್ಲಿ ಬರೆದಿದ್ದೇನೆ.

ಥಾಮಸ್ ಆಂಡ್ರ್ಯೂಸ್ 1873ರಲ್ಲಿ ಐರ್ಲೆಂಡಿನ ಕೋಂಬರ್ ಎಂಬ ಊರಿನಲ್ಲಿ ಜನಿಸಿದರು. 16ನೇ ವಯಸ್ಸಿಗೆ ಬೆಲ್‌ಫಾಸ್ಟ್ ನಗರದ ಹಡಗು ಕಾರ್ಖಾನೆಗೆ ಸೇರಿದರು. ಅಲ್ಲಿ ಅವರ ಸೋದರಮಾವನೇ ದೊಡ್ಡ ಯಜಮಾನ. ಆದರೂ ಬಡಗಿ, ಕಮ್ಮಾರರ ಜೊತೆ ದುಡಿದು ಕೆಲಸ ಕಲಿತರು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮೊದಲ ಸಲ ಹೊರಟಾಗ, ಕುಂದುಕೊರತೆ ಬರೆದುಕೊಳ್ಳಲು ಅವರೂ ಹೋದರು. ಮುಂದೆ ಮಂಜುಗಡ್ಡೆ ಇದೆ ಅಂತ ತಂತಿ ಬಂದಿದ್ದರೂ ಹಡಗಿನ ವೇಗ ತಗ್ಗಿಸಲಿಲ್ಲ. 14ರಂದು ರಾತ್ರಿ 11:40ಕ್ಕೆ ಹಡಗು ಮಂಜುಗಡ್ಡೆಯ ಬೆಟ್ಟಕ್ಕೆ ತಾಗಿತು. ಹಡಗಿನೊಳಗೆ 16 ಭಾಗಗಳಿದ್ದವು. ಮುಂದಿನ 4 ಭಾಗ ತುಂಬಿದರೂ ಅದು ತೇಲುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ಭಾಗಕ್ಕೆ ನೀರು ನುಗ್ಗಿತು. ನಡುವಿನ ಗೋಡೆಗಳು ಮೇಲಿನ ತನಕ ಇರಲಿಲ್ಲ. ಹಾಗಾಗಿ ಒಂದು ಭಾಗ ತುಂಬಿ ಇನ್ನೊಂದಕ್ಕೆ ನೀರು ಹರಿಯಿತು. ಆಂಡ್ರ್ಯೂಸ್ ಎಲ್ಲಾ ನೋಡಿ, ಹಡಗು ಉಳಿಯಲ್ಲ ಅಂತ ಕ್ಯಾಪ್ಟನ್‌ಗೆ ಹೇಳಿಬಿಟ್ಟರು.

ಹಡಗಿನಲ್ಲಿ ಸುಮಾರು 2200 ಜನ ಇದ್ದರು. ದೋಣಿಗಳಲ್ಲಿ 1178 ಜನಕ್ಕೆ ಮಾತ್ರ ಜಾಗ! ಆಂಡ್ರ್ಯೂಸ್ ಕೋಣೆ ಕೋಣೆಗೆ ಹೋಗಿ, ಲೈಫ್ ಜಾಕೆಟ್ ಹಾಕಿಕೊಳ್ಳಲು ಹೇಳಿ, ಜನರನ್ನು ದೋಣಿಗೆ ಕಳಿಸಿದರು. ತಾವು ಮಾತ್ರ ಹತ್ತಲಿಲ್ಲ. ಬೆಳಗಿನ ಜಾವ 2:20ಕ್ಕೆ ಹಡಗು ಮುಳುಗಿತು. ಸುಮಾರು 1500 ಜನ ಸತ್ತರು. ಆಂಡ್ರ್ಯೂಸ್‌ಗೆ ಆಗ 39 ವರ್ಷ. ಊರಲ್ಲಿ ಹೆಂಡತಿ, ಎರಡು ವರ್ಷವೂ ತುಂಬದ ಮಗಳು ಇದ್ದರು. ಅವರ ದೇಹವೂ ಸಿಗಲಿಲ್ಲ.

ಅವರು ಕಟ್ಟಿದ ಹಡಗಿನಲ್ಲಿ ಕೊರತೆ ಇತ್ತು, ನಿಜ. ಆದರೆ ಬೇರೆಯವರನ್ನು ಬಿಟ್ಟು ಅವರು ಓಡಿಹೋಗಲಿಲ್ಲ. ಅದಕ್ಕೇ ಅವರು ನನಗೆ ಇಷ್ಟ.