ಹಾಸ್ಟೆಲ್ ಕೋಣೆಯ ಮೇಷ್ಟ್ರು ಎಚ್ಚೆನ್

ಮಕ್ಕಳೇ, ಈ ಸಂಚಿಕೆಯಲ್ಲಿ ನಿಮಗೆ ಒಬ್ಬ ಮೇಷ್ಟ್ರ ಪರಿಚಯ ಮಾಡಿಕೊಡುತ್ತೇನೆ. ಅವರ ಹೆಸರು ಡಾ. ಎಚ್. ನರಸಿಂಹಯ್ಯ. ಬೆಂಗಳೂರಿನವರಿಗೆ ಅವರು ಬರೀ ‘ಎಚ್ಚೆನ್’. ನಿಮ್ಮ ತಾತನೋ ಅಜ್ಜಿಯೋ ಅಪ್ಪನೋ ಬಸವನಗುಡಿ, ಜಯನಗರದ ಕಡೆ ಓದಿದವರಾಗಿದ್ದರೆ ಒಮ್ಮೆ ಈ ಹೆಸರು ಹೇಳಿ ನೋಡಿ. ಖಾದಿ ಬಟ್ಟೆ ತೊಟ್ಟು ಗಾಂಧಿ ಟೋಪಿ ಇಟ್ಟ ಒಬ್ಬ ಸಣ್ಣ ಆಳು ಅವರ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಮಿಳುನಾಡಿನ ಗಡಿಯಲ್ಲಿರುವ ಹೊಸೂರು ಬೇರೆ, ಇದು ಬೇರೆ. ಆಗ ಈ ಊರು ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಮನೆಯಲ್ಲಿ ಬಡತನ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಇರುವಷ್ಟು ತರಗತಿ ಓದಿ ಮುಗಿಸಿದ ಮೇಲೆ ಹುಡುಗ ಹೊಲಕ್ಕೋ ಕೂಲಿಗೋ ಹೋಗುವುದು ಆ ಕಾಲದಲ್ಲಿ ತೀರಾ ಸಾಮಾನ್ಯ. ಆದರೆ ಊರಿನಲ್ಲಿ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾವ್ ಎಂಬ ಮೇಷ್ಟ್ರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಈ ಹುಡುಗನ ಓದು ನಿಲ್ಲಬಾರದು ಎಂಬುದು ಅವರ ಆಸೆ.

ಬೆಂಗಳೂರಿಗೆ ಹೋಗುವುದಾದರೂ ಹೇಗೆ? ರೈಲಿಗೆ, ಬಸ್ಸಿಗೆ ಕೊಡಲು ಕಾಸಿಲ್ಲ. 1935ರಲ್ಲಿ, ಹದಿನೈದರ ಹರೆಯದ ನರಸಿಂಹಯ್ಯ ಊರಿನಿಂದ ನಡೆದುಕೊಂಡೇ ಹೊರಟರು. ಸುಮಾರು 85 ಕಿಲೋಮೀಟರು ದಾರಿ, ಎರಡು ದಿನದ ನಡಿಗೆ. ನೀವಿರುವ ಅಮೆರಿಕದಲ್ಲಿ ದೂರವನ್ನು ಮೈಲಿಯಲ್ಲಿ ಅಳೆಯುತ್ತಾರಲ್ಲ, ಆ ಲೆಕ್ಕದಲ್ಲಿ ಐವತ್ತು ಮೈಲಿಗೂ ಹೆಚ್ಚು. ಶಾಲೆಗೆ ಸೇರಬೇಕು ಎಂಬ ಒಂದೇ ಕಾರಣಕ್ಕೆ ಅಷ್ಟು ದೂರ!

ಆ ಶಾಲೆಯೂ ಸಾಮಾನ್ಯವಾದದ್ದಲ್ಲ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಶುರುವಾದದ್ದು. ನಮ್ಮ ಮಕ್ಕಳಿಗೆ ನಮ್ಮ ದೇಶದ ಅಭಿಮಾನ ಕಲಿಸುವ ವಿದ್ಯೆ ಬೇಕು ಎಂಬುದು ಅದನ್ನು ಕಟ್ಟಿದವರ ಹಂಬಲ. 1936ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಅವರು ಹಿಂದಿಯಲ್ಲಿ ಮಾತಾಡಿದರು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಬಂದದ್ದು ಹೊಸೂರಿನಿಂದ ನಡೆದು ಬಂದಿದ್ದ ಈ ಹುಡುಗನ ಪಾಲಿಗೆ. ಆಮೇಲೆ ಬದುಕಿನ ಕೊನೆಯವರೆಗೂ ಎಚ್ಚೆನ್ ಖಾದಿ ಬಿಡಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿ ಬಂತು. ಎಚ್ಚೆನ್ ಓದು ಬಿಟ್ಟು ಚಳವಳಿಗೆ ಇಳಿದರು. ಬೆಂಗಳೂರು, ಮೈಸೂರು, ಪುಣೆಯ ಯೆರವಡ ಜೈಲುಗಳನ್ನು ಕಂಡರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು ಎಂ.ಎಸ್ಸಿ. ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದರು. ಕಾಲೇಜು ಶುರುವಾಗಿ ಆಗ ಒಂದೇ ವರ್ಷವಾಗಿತ್ತು.

ಇನ್ನು ನಿಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. 1957ರಲ್ಲಿ ಎಚ್ಚೆನ್ ಅಮೆರಿಕಕ್ಕೆ ಬಂದರು. ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಮತ್ತೆ ವಿದ್ಯಾರ್ಥಿ. ವಯಸ್ಸು ಮೂವತ್ತೇಳು. ಹತ್ತು ವರ್ಷ ಪಾಠ ಹೇಳಿದ್ದ ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತು ಕಲಿಯುವುದಕ್ಕೆ ಮನಸ್ಸಿನಲ್ಲಿ ಎಷ್ಟು ವಿನಯ ಬೇಕು, ಯೋಚಿಸಿ. ಅದೇ ವರ್ಷ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ನಮ್ಮ ಶಾಲೆಗಳಲ್ಲಿ ವಿಜ್ಞಾನದ ಪಾಠ ಇನ್ನೂ ಗಟ್ಟಿಯಾಗಬೇಕು ಎಂದು ಅಮೆರಿಕ ಟೊಂಕ ಕಟ್ಟಿ ನಿಂತ ಕಾಲ ಅದು. ಅಂಥ ಹೊತ್ತಿನಲ್ಲಿ ಎಚ್ಚೆನ್ ಇಲ್ಲಿ ಪರಮಾಣುವಿನ ನಡುವಿರುವ ಬೀಜದ ವಿಜ್ಞಾನ ಓದಿದರು. ಅದನ್ನು ಬೈಜಿಕ ಭೌತಶಾಸ್ತ್ರ ಎನ್ನುತ್ತಾರೆ. 1960ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು.

ಮರಳಿದ್ದು ಅದೇ ನ್ಯಾಷನಲ್ ಕಾಲೇಜಿಗೆ. 1961ರಲ್ಲಿ ಅವರು ಅಲ್ಲಿನ ಪ್ರಿನ್ಸಿಪಾಲರಾದರು. ಮದುವೆ ಮಾಡಿಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ. ವಿದ್ಯಾರ್ಥಿಗಳ ಹಾಸ್ಟೆಲಿನ ಒಂದು ಕೋಣೆಯೇ ಅವರ ಮನೆ. ಮೇಷ್ಟ್ರಾಗಿದ್ದಾಗಲೂ ಅಲ್ಲೇ, ಪ್ರಿನ್ಸಿಪಾಲರಾದಾಗಲೂ ಅಲ್ಲೇ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಅಲ್ಲೇ. ಹಳ್ಳಿಯಿಂದ ಬಂದ ಹುಡುಗರ ಪಕ್ಕದ ಕೋಣೆಯಲ್ಲೇ ಅವರ ವಾಸ. ಕಷ್ಟ ಹೇಳಿಕೊಳ್ಳಬೇಕೆಂದರೆ ಹೋಗಿ ಬಾಗಿಲು ತಟ್ಟುವಷ್ಟು ಹತ್ತಿರ.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಎಂಬ ವಿಜ್ಞಾನ ವೇದಿಕೆ ಶುರು ಮಾಡಿದರು. ವಾರ ವಾರ ಒಂದು ವಿಜ್ಞಾನದ ಉಪನ್ಯಾಸ. ಕಾಲೇಜಿನವರಷ್ಟೇ ಬರಬೇಕು ಎಂದೇನಿಲ್ಲ. ಬ್ಯಾಂಕಿನ ಗುಮಾಸ್ತರು, ಗೃಹಿಣಿಯರು, ಪೆನ್ಷನ್ ಪಡೆಯುವ ಅಜ್ಜಂದಿರು, ಶಾಲೆಯ ಹುಡುಗ ಹುಡುಗಿಯರು, ಯಾರು ಬೇಕಾದರೂ ಬಂದು ಕೂರಬಹುದು. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಅಲ್ಲಿ ಮಾತಾಡಿದ್ದಾರೆ. ಉಪನ್ಯಾಸ ಮುಗಿದ ಮೇಲೆ ಕೇಳಲು ಕೂತವರು ಎದ್ದು ಪ್ರಶ್ನೆ ಹಾಕಬಹುದು. ಒಂದು ಊರಿನ ಜನ ವಿಜ್ಞಾನವನ್ನು ತಮ್ಮದೆಂದುಕೊಳ್ಳಬೇಕಾದರೆ ಇಂಥ ಜಾಗ ಬೇಕು. ಬೆಂಗಳೂರಿಗೆ ಕಂಪ್ಯೂಟರ್ ಕಂಪನಿಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಎಚ್ಚೆನ್ ಅದನ್ನು ಕಟ್ಟಿದ್ದರು.

ವಿಜ್ಞಾನದವರೆಂದರೆ ಹಾಡು, ನಾಟಕ ಬೇಡ ಅನ್ನುವವರು ಎಂದುಕೊಳ್ಳಬೇಡಿ. ಸಂಗೀತ, ನೃತ್ಯಗಳಿಗಾಗಿ ಅವರು ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿದರು. ನ್ಯಾಷನಲ್ ಕಾಲೇಜಿನ ಹಿಸ್ಟ್ರಿಯಾನಿಕ್ಸ್ ಕ್ಲಬ್ಬಿನ ನಾಟಕಗಳೆಂದರೆ ಊರಿಗೇ ಹೆಸರುವಾಸಿ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಅವಧಿಯ ಒಂದು ಸಂಗತಿಯನ್ನು ನಿಮಗೆ ನಿಧಾನವಾಗಿ ಹೇಳಬೇಕು. 1976ರಲ್ಲಿ ಅವರು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ರಚಿಸಿದರು. ಪವಾಡಗಳನ್ನೂ ಪರೀಕ್ಷೆ ಮಾಡಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವುದು ಅದರ ಕೆಲಸ. ಬರಿಗೈಯಿಂದ ವಿಭೂತಿ, ಉಂಗುರ ಬರಿಸುತ್ತಾರೆಂದು ಪ್ರಸಿದ್ಧರಾಗಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಎಚ್ಚೆನ್ ಪತ್ರ ಬರೆದು, ಸಮಿತಿಯ ಮುಂದೆ ಇದನ್ನು ತೋರಿಸುವಿರಾ ಎಂದು ಕೇಳಿದರು. ಒಂದಲ್ಲ, ಮೂರು ಪತ್ರ. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬಾಬಾ ಅವರ ಭಕ್ತರಿಗೆ ತುಂಬಾ ನೋವಾಯಿತು, ಎಚ್ಚೆನ್ನರನ್ನು ಬೈದವರೂ ಬಹಳ ಮಂದಿ.

ನಮ್ಮ ಕೂಟದಲ್ಲೂ ಬಾಬಾ ಅವರನ್ನು ಪೂಜಿಸುವ ಮನೆಗಳಿವೆ. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಎಚ್ಚೆನ್ ಪರೀಕ್ಷೆಗೆ ಕರೆದದ್ದು ಪವಾಡವನ್ನು ಎಂಬುದನ್ನು ನೀವು ಗಮನಿಸಬೇಕು. ಪ್ರಕೃತಿಯ ನಿಯಮ ಮೀರಿ ಏನೋ ನಡೆಯುತ್ತಿದೆ ಎಂದರೆ ಭೌತಶಾಸ್ತ್ರದ ಮೇಷ್ಟ್ರು ಅದನ್ನು ನೋಡಬೇಕು ಎನ್ನುವುದು ಸಹಜ. ದೊಡ್ಡವರನ್ನು ಪ್ರಶ್ನೆ ಕೇಳಿದರೆ ಅವರ ಮರ್ಯಾದೆ ಹೋಗುವುದಿಲ್ಲ ಎಂದು ಅವರು ನಂಬಿದ್ದರು. ತಮ್ಮ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸಿದರು: ಯಾರು ಹೇಳಿದರೂ, ನಾನೇ ಹೇಳಿದರೂ, ವಿಚಾರಿಸದೆ ಒಪ್ಪಬೇಡಿ ಎಂದು. ಈ ವಿಷಯದಲ್ಲಿ ಅವರು ಸರಿ ಎಂದೇ ನನ್ನ ದೃಢವಾದ ಅಭಿಪ್ರಾಯ. ಅದೇ 1976ರಲ್ಲಿ ಸಂಸತ್ತು ಸಂವಿಧಾನಕ್ಕೆ 42ನೇ ತಿದ್ದುಪಡಿ ತಂದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಭಾರತೀಯನ ಕರ್ತವ್ಯ ಎಂದು ಬರೆಯಿತು. ದೇಶ ಕಾಗದದ ಮೇಲೆ ಬರೆದದ್ದನ್ನು ಈ ಮೇಷ್ಟ್ರು ಬೆಂಗಳೂರಿನಲ್ಲಿ ಮಾಡಿ ತೋರಿಸುತ್ತಿದ್ದರು.

ಅವರ ಹೆಸರು ಜನರ ಬಾಯಿಗೆ ಬಂದದ್ದು ಈ ಪವಾಡದ ಗಲಾಟೆಯಿಂದ. ನನಗೆ ಮಾತ್ರ ಅವರ ಕೆಲಸಗಳಲ್ಲೆಲ್ಲ ದೊಡ್ಡದಾಗಿ ಕಾಣುವುದು ಬೇರೊಂದು. ನ್ಯಾಷನಲ್ ಕಾಲೇಜನ್ನು ನಡೆಸುವ ವಿದ್ಯಾಸಂಸ್ಥೆಯ ಅಧ್ಯಕ್ಷರಾಗಿ ಅವರು ಬೆಂಗಳೂರಿನಾಚೆಗೂ ಕಣ್ಣು ಹಾಯಿಸಿದರು. ಗೌರಿಬಿದನೂರಿನಲ್ಲಿ ಒಂದು ನ್ಯಾಷನಲ್ ಕಾಲೇಜು, ಆಂಧ್ರದ ಗಡಿಯ ಬಾಗೇಪಲ್ಲಿಯಲ್ಲಿ ಇನ್ನೊಂದು ಬಂದವು. ಎರಡೂ ಮಳೆ ಕಡಿಮೆ ಇರುವ ಬರದ ಸೀಮೆ. ಕಡಲೆಕಾಯಿ, ರಾಗಿ ಬೆಳೆಯುವ ಸಣ್ಣ ರೈತರ ನಾಡು. ಆ ಮನೆಗಳ ಹುಡುಗಿಯರನ್ನು ಓದಲೆಂದು ಬೆಂಗಳೂರಿಗೆ ಕಳಿಸುವ ಶಕ್ತಿ ಅಪ್ಪ ಅಮ್ಮಂದಿರಿಗೆ ಎಲ್ಲಿತ್ತು? ಕಾಲೇಜು ತಾಲ್ಲೂಕಿಗೇ ಬಂದದ್ದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಹುಟ್ಟಿದರು. 85 ಕಿಲೋಮೀಟರು ನಡೆದು ಬಂದ ಹುಡುಗ ತನ್ನ ಸೀಮೆಯ ಮಕ್ಕಳಿಗೆ ಆ ನಡಿಗೆಯ ಅಗತ್ಯವೇ ಇಲ್ಲದಂತೆ ಮಾಡಿದ.

ಬರವಣಿಗೆಯಲ್ಲೂ ಅವರದು ನೇರ ಮಾತು. ‘ತೆರೆದ ಮನ’ ಅವರ ಲೇಖನಗಳ ಪುಸ್ತಕ, ‘ಹೋರಾಟದ ಹಾದಿ’ ಅವರ ಆತ್ಮಕಥೆ. ಕನ್ನಡ ಓದಲು ಇನ್ನೂ ತಡವರಿಸುವವರು ಅಮ್ಮನ ಹತ್ತಿರ ಓದಿಸಿಕೊಳ್ಳಿ, ಹೊಸೂರಿನ ಬಾಲ್ಯದಿಂದ ಶುರು ಮಾಡಿ. ಇಂಗ್ಲಿಷ್ ಓದುವ ದೊಡ್ಡ ಮಕ್ಕಳಿಗೆ ಅವರು ಸಂಪಾದಿಸಿದ ‘ಸೈನ್ಸ್, ನಾನ್‌ಸೈನ್ಸ್ ಅಂಡ್ ದಿ ಪ್ಯಾರಾನಾರ್ಮಲ್’ ಎಂಬ ಪುಸ್ತಕವಿದೆ. 1984ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. 2005ರ ಜನವರಿ 31ರಂದು ಅವರು ತೀರಿಕೊಂಡರು.

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಹಸಿರು ಮಾರ್ಗದ ಮೆಟ್ರೋ ಹತ್ತಿ ‘ನ್ಯಾಷನಲ್ ಕಾಲೇಜು’ ನಿಲ್ದಾಣದಲ್ಲಿ ಇಳಿಯಿರಿ. ಕಾಲೇಜು ಪಕ್ಕದಲ್ಲೇ ಇದೆ. ಆ ವಾರ ಸೈನ್ಸ್ ಫೋರಂನ ಉಪನ್ಯಾಸವಿದ್ದರೆ ತಾತನ ಜೊತೆ ಹೋಗಿ ಕೂತು ಕೇಳಿ, ಅರ್ಥವಾಗದ್ದನ್ನು ಎದ್ದು ನಿಂತು ಕೇಳಿ. ಅಲ್ಲಿಯವರೆಗೆ, ಯಾರೂ ಸರಿಯಾಗಿ ಉತ್ತರ ಕೊಡದ ನಿಮ್ಮ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು ನಮ್ಮ ಸಂಪಾದಕರಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಪ್ರಶ್ನೆಗಳಿಗಾಗಿ ಒಂದು ಪುಟ ಇಟ್ಟಿದ್ದೇವೆ.