ಸಮತಲವನ್ನು ಸಾಧಿಸಿದ ಸರ್ ಜೋಸೆಫ್ ವಿಟ್‌ವರ್ತ್

ಸಪಾಟಾದ ವಸ್ತುವೊಂದನ್ನು ತೋರಿಸಿರೆಂದು ಕೇಳಿದರೆ ನಾವು ಮೇಜನ್ನೋ ಕನ್ನಡಿಯನ್ನೋ, ಗಾಳಿಯಿಲ್ಲದ ಹೊತ್ತಿನ ಕೆರೆಯ ನೀರನ್ನೋ ತೋರಿಸಿ ಸುಮ್ಮನಾಗುತ್ತೇವೆ. ಅದು ಎಷ್ಟು ಸಪಾಟು, ಯಾವುದಕ್ಕೆ ಹೋಲಿಸಿದರೆ ಸಪಾಟು ಎಂಬ ಮರುಪ್ರಶ್ನೆ ಬಂದಿತೆಂದರೆ ಉತ್ತರ ಸುಲಭವಲ್ಲ. ಬಡಗಿಯು ತನ್ನ ಹಲಗೆಯನ್ನು ಮಟ್ಟಗೋಲಿಗೆ ಹಿಡಿದು ನೋಡುತ್ತಾನೆ. ಆದರೆ ಆ ಮಟ್ಟಗೋಲು ನೇರವಾಗಿದೆಯೆಂದು ಹೇಳಿದವರಾರು? ಅದನ್ನು ಬೇರೊಂದಕ್ಕೆ ಹಿಡಿದು ನೋಡಿದೆವೆಂದರೆ ಆ ಬೇರೊಂದರ ಗತಿಯೇನು? ಹೀಗೆ ಹಿಂದೆ ಹಿಂದೆ ಸರಿಯುತ್ತ ಹೋಗುವ ಪ್ರಶ್ನೆಗೆ, ಯಾವ ಮಾದರಿಯ ನೆರವೂ ಇಲ್ಲದೆ ಕೇವಲ ಮೂರು ಕಬ್ಬಿಣದ ಫಲಕಗಳಿಂದ ಉತ್ತರ ಪಡೆಯಬಹುದೆಂದು ಸಾಧಿಸಿ, ಆ ಸಾಧನೆಯನ್ನು ಯಂತ್ರಶಾಲೆಗಳ ನಿತ್ಯದ ಪದ್ಧತಿಯಾಗಿಸಿದವನು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್.

ಅವನು ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಮ್ಯಾಂಚೆಸ್ಟರಿಗೆ ಸಮೀಪದ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ. ತಂದೆ ಉಪಾಧ್ಯಾಯ, ಮುಂದೆ ಚರ್ಚಿನ ಪಾದ್ರಿಯಾದನು. ಹುಡುಗನ ಶಾಲೆಯ ಓದು ಹೆಚ್ಚು ಕಾಲ ನಡೆಯಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಡರ್ಬಿಷೈರಿನಲ್ಲಿದ್ದ ಸೋದರಮಾವನ ಹತ್ತಿ ಗಿರಣಿಗೆ ಕಳುಹಿಸಿದರು. ಲೆಕ್ಕಪತ್ರ ಕಲಿತು ಮುಂದೆ ಗಿರಣಿಯ ಪಾಲುದಾರನಾಗಲೆಂಬುದು ಹಿರಿಯರ ಎಣಿಕೆ. ಹುಡುಗನ ಕಣ್ಣು ಮಾತ್ರ ನೂಲಿನ ಮೇಲಿರದೆ ನೂಲುವ ಯಂತ್ರದ ಮೇಲಿತ್ತು. ನಾಲ್ಕಾರು ವರ್ಷಗಳಲ್ಲಿ ಗಿರಣಿಯ ಒಡೆತನದ ಆಸೆಯನ್ನು ಬದಿಗೊತ್ತಿ ಮ್ಯಾಂಚೆಸ್ಟರಿಗೆ ಹೋಗಿ, ಒಂದು ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರನಾಗಿ ಸೇರಿಕೊಂಡನು. 1825ರಲ್ಲಿ ಫ್ಯಾನಿ ಆ್ಯಂಕರ್ಸ್ ಎಂಬ ದೋಣಿಗಾರನ ಮಗಳನ್ನು ಮದುವೆಯಾಗಿ ಲಂಡನ್ನಿಗೆ ತೆರಳಿದನು.

ಅಂದಿನ ಲಂಡನ್ನಿನಲ್ಲಿ ಯಂತ್ರವಿದ್ಯೆಗೆ ಗುರುಕುಲವೊಂದಿದ್ದರೆ ಅದು ಲ್ಯಾಂಬೆತಿನಲ್ಲಿದ್ದ ಹೆನ್ರಿ ಮಾಡ್‌ಸ್ಲಿಯ ಕಮ್ಮಟವೇ. ಅಲ್ಲಿ ಕೆಲಸ ದೊರೆತದ್ದು ವಿಟ್‌ವರ್ತನ ಭಾಗ್ಯ. ಮಾಡ್‌ಸ್ಲಿಗೆ ಸಮತಲದ ಬೆಲೆ ತಿಳಿದಿತ್ತು. ಕೆಲಸಗಾರರು ತಮ್ಮ ಕೆಲಸವನ್ನು ಇಟ್ಟು ನೋಡಲೆಂದು ಅವನು ಸಮತಲ ಫಲಕಗಳನ್ನು ಇರಿಸಿದ್ದನು. ಆದುದರಿಂದ ಸಮತಲದ ಕಲ್ಪನೆಯೇ ವಿಟ್‌ವರ್ತನದೆಂದು ಹೇಳುವವರ ಮಾತು ಅತಿಯಾಯಿತು. ಗುರುವಿನ ಮನೆಯಲ್ಲಿ ಕಂಡ ದೀಪದಿಂದ ಶಿಷ್ಯನು ತನ್ನ ದೀಪವನ್ನು ಹೊತ್ತಿಸಿಕೊಂಡನೆನ್ನುವುದೇ ನ್ಯಾಯ. ಆದರೆ ಆ ದೀಪದ ಬೆಳಕು ಗುರುವಿನ ದೀಪಕ್ಕಿಂತ ಮುಂದೆ ಹೋಯಿತು.

ಆಗಿನ ರೂಢಿ ಹೀಗಿತ್ತು: ಎರಡು ಕಬ್ಬಿಣದ ಫಲಕಗಳ ನಡುವೆ ಕುರುಂದದ ಪುಡಿಯನ್ನೂ ಎಣ್ಣೆಯನ್ನೂ ಹಾಕಿ ಒಂದರ ಮೇಲೊಂದನ್ನು ತಿಕ್ಕುವುದು. ತಿಕ್ಕಿ ತಿಕ್ಕಿ ಎರಡೂ ಎಲ್ಲೆಡೆ ಕೂಡಿಕೊಂಡವೆಂದರೆ ಕೆಲಸ ಮುಗಿಯಿತೆಂದು ತಿಳಿಯುತ್ತಿದ್ದರು. ಇದರಲ್ಲಿ ಅಡಗಿದ್ದ ಮೋಸವನ್ನು ನಮ್ಮ ಅಡುಗೆಮನೆಯ ಒರಳುಕಲ್ಲನ್ನು ನೋಡಿದವರು ಕೂಡಲೇ ಊಹಿಸಬಲ್ಲರು. ಒರಳಿನ ಗುಳಿಗೂ ಗುಂಡಿನ ಬುಡಕ್ಕೂ ಎಂಥ ಹೊಂದಿಕೆ! ವರ್ಷಗಟ್ಟಲೆ ರುಬ್ಬಿ ಅವೆರಡೂ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂಡಿಕೊಂಡಿವೆ. ಆದರೆ ಎರಡರಲ್ಲಿ ಒಂದೂ ಸಪಾಟಾಗಿಲ್ಲ. ಎರಡು ಫಲಕಗಳು ಪರಸ್ಪರ ಒಪ್ಪಿದ ಮಾತ್ರಕ್ಕೆ ಎರಡೂ ಸರಿಯೆನ್ನಲಾಗದು. ಒಂದರ ತಗ್ಗನ್ನು ಇನ್ನೊಂದರ ಉಬ್ಬು ಮುಚ್ಚಿರಬಹುದು. ಸಾಲದ್ದಕ್ಕೆ, ಕುರುಂದದ ಕಣಗಳು ಲೋಹದ ರಂಧ್ರಗಳಲ್ಲಿ ಸಿಕ್ಕಿಕೊಂಡು ಫಲಕವನ್ನು ಒಂದೆಡೆ ಹೆಚ್ಚು, ಒಂದೆಡೆ ಕಡಮೆ ಸವೆಸುತ್ತಿದ್ದವು.

ವಿಟ್‌ವರ್ತನು ಎರಡನ್ನೂ ತೊರೆದನು. ತಿಕ್ಕುವುದರ ಬದಲು ಹೆರೆಯುವುದು. ಎರಡು ಫಲಕಗಳ ಬದಲು ಮೂರು. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಒಂದು ಫಲಕದ ಮೇಲೆ ಬಲು ತೆಳುವಾಗಿ ಸವರಿ ಇನ್ನೊಂದನ್ನು ಅದರ ಮೇಲಿಟ್ಟು ತುಸು ಆಡಿಸಿದರೆ, ಉಬ್ಬಿದ ಎಡೆಗಳಿಗೆ ಮಾತ್ರ ಕೆಂಪು ಹತ್ತುತ್ತದೆ. ಆ ಕೆಂಪು ಕಲೆಗಳನ್ನಷ್ಟೇ ಚೂಪಾದ ಹೆರೆಯುಳಿಯಿಂದ ಒಂದು ಕೂದಲೆಳೆಯಷ್ಟು ಕೆರೆದು ತೆಗೆಯಬೇಕು. ಮತ್ತೆ ಸವರಬೇಕು, ಮತ್ತೆ ನೋಡಬೇಕು. ಮೊದಲನೆಯ ಫಲಕಕ್ಕೆ ಎರಡನೆಯದನ್ನೂ ಮೂರನೆಯದನ್ನೂ ಹೀಗೆ ಹೊಂದಿಸಿದ ಮೇಲೆ, ಎರಡನೆಯದನ್ನೂ ಮೂರನೆಯದನ್ನೂ ಒಂದಕ್ಕೊಂದು ಎದುರಾಗಿ ಹಿಡಿಯಬೇಕು. ಮೊದಲನೆಯದು ತಗ್ಗಾಗಿದ್ದಲ್ಲಿ ಅದಕ್ಕೆ ಹೊಂದಿದ ಎರಡೂ ಉಬ್ಬಿರಲೇಬೇಕಷ್ಟೆ? ಉಬ್ಬಿಗೆ ಉಬ್ಬು ಎದುರಾದೊಡನೆ ಗುಟ್ಟು ರಟ್ಟಾಗುತ್ತದೆ. ಆಗ ಕಂಡ ದೋಷವನ್ನು ಎರಡರಲ್ಲಿಯೂ ಸಮನಾಗಿ ಹಂಚಿ ಹೆರೆದು, ಮೊದಲನೆಯದನ್ನು ಅವುಗಳಿಗೆ ಮರಳಿ ಹೊಂದಿಸಬೇಕು. ಹೀಗೆ ಸುತ್ತಿನ ಮೇಲೆ ಸುತ್ತು ನಡೆಯುತ್ತ ಮೂರೂ ಫಲಕಗಳು, ಯಾವುದನ್ನು ಯಾವುದಕ್ಕೆ, ಯಾವ ದಿಕ್ಕಿಗೆ ತಿರುಗಿಸಿ ಹಿಡಿದರೂ ಒಪ್ಪುವುದು ಮೂರೂ ಸಪಾಟಾದಾಗ ಮಾತ್ರ. ಮೂರು ಸುಳ್ಳುಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ನಿಜವನ್ನು ಹೊರಡಿಸುವ ಈ ಉಪಾಯಕ್ಕೆ ಯೂಕ್ಲಿಡನೂ ತಲೆದೂಗುತ್ತಿದ್ದನೆಂದು ನನಗೆ ತೋರುತ್ತದೆ.

ಹಗಲು ಮಾಡ್‌ಸ್ಲಿಯ ಕೆಲಸ ಮುಗಿಸಿ ಬಂದು ರಾತ್ರಿ ತನ್ನ ವಸತಿಯಲ್ಲಿ ಅವನು ಈ ಫಲಕಗಳನ್ನು ಹೆರೆಯುತ್ತಿದ್ದನು. ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದ ಹ್ಯಾಂಪ್ಸನ್ ಎಂಬ ಯಾರ್ಕ್‌ಷೈರಿನ ಗೆಳೆಯನಿಗೆ ತನ್ನ ಉದ್ದೇಶವನ್ನು ಹೇಳಿದಾಗ, ಅದು ಎಂದಿಗೂ ಆಗದ ಕೆಲಸವೆಂದು ಅವನು ಕೈಯಾಡಿಸಿಬಿಟ್ಟನಂತೆ. ಕೆಲಸ ಮುಗಿದ ದಿನ ವಿಟ್‌ವರ್ತನು ಮೊದಲು ಮನೆಗೆ ಕರೆದೊಯ್ದು ತೋರಿಸಿದ್ದು ಅವನಿಗೇ.

ಮಾಡ್‌ಸ್ಲಿಯ ಬಳಿಕ ಹೋಲ್ಟ್ಸಾಫೆಲ್ ಮತ್ತು ಜೋಸೆಫ್ ಕ್ಲೆಮೆಂಟರ ಕಮ್ಮಟಗಳಲ್ಲಿ ದುಡಿದು, ಕ್ಲೆಮೆಂಟನಲ್ಲಿ ಸಿದ್ಧವಾಗುತ್ತಿದ್ದ ಬ್ಯಾಬೇಜನ ಗಣಕಯಂತ್ರದ ಕೆಲಸವನ್ನು ಕಣ್ಣಾರೆ ಕಂಡು, 1833ರಲ್ಲಿ ಅವನು ಮ್ಯಾಂಚೆಸ್ಟರಿಗೆ ಮರಳಿದನು. ಚಾರ್ಲ್‌ಟನ್ ಬೀದಿಯಲ್ಲಿ ಬಾಡಿಗೆಯ ಜಾಗ ಹಿಡಿದು, ತಾನು ಲಂಡನ್ನಿನಿಂದ ಬಂದ ಉಪಕರಣ ತಯಾರಕನೆಂದು ಫಲಕ ತೂಗುಹಾಕಿದನು. 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಪರಿಷತ್ತಿನಲ್ಲಿ ತನ್ನ ಸಮತಲ ಫಲಕಗಳನ್ನು ಮುಂದಿಟ್ಟು ಪ್ರಬಂಧ ಓದಿದಾಗ ಅವನಿಗೆ ಮೂವತ್ತಾರು ವರ್ಷ. ಒಂದು ಫಲಕವನ್ನು ಇನ್ನೊಂದರ ಮೇಲೆ ಮೆಲ್ಲನೆ ಇಳಿಸಿದರೆ ನಡುವೆ ಸಿಕ್ಕ ಗಾಳಿಯ ಪೊರೆಯ ಮೇಲೆ ಅದು ತೇಲುವಂತೆ ಸರಿಯುತ್ತಿತ್ತು. ಗಾಳಿ ಹೊರಹೋಗುವಂತೆ ಒತ್ತಿ ಸರಿಸಿದರೆ ಎರಡೂ ಅಂಟಿಕೊಂಡು ಮೇಲಿನದನ್ನೆತ್ತಿದರೆ ಕೆಳಗಿನದೂ ಏಳುತ್ತಿತ್ತು. ಇದು ವಾಯುಮಂಡಲದ ಒತ್ತಡದ ಫಲವೆಂದು ಅವನು ಭಾವಿಸಿದ್ದನು. ಅಷ್ಟೇ ಅಲ್ಲವೆಂಬುದನ್ನು ಮುಂದೆ ಟಿಂಡಲ್ ಎಂಬ ವಿಜ್ಞಾನಿ, ಗಾಳಿ ತೆಗೆದ ಪಾತ್ರೆಯಲ್ಲಿಯೂ ಅವು ಅಂಟಿಕೊಂಡೇ ಇರುವುದನ್ನು ತೋರಿಸಿ ಸಿದ್ಧಪಡಿಸಿದನು.

ಇಷ್ಟೊಂದು ಪಾಡು ಏತಕ್ಕೆಂದು ವಾಚಕರು ಕೇಳಬಹುದು. ಉಗಿಯಂತ್ರದಲ್ಲಿ ಉಗಿಯನ್ನು ಒಳಬಿಟ್ಟು ಹೊರಬಿಡುವ ಜಾರುಕವಾಟದ ಮುಖ ಸಪಾಟಾಗಿರದಿದ್ದರೆ ಉಗಿ ಸೋರಿ ಕಲ್ಲಿದ್ದಲು ವ್ಯರ್ಥ. ಲೇತಿನ ಹಾಸು ಸಪಾಟಾಗಿರದಿದ್ದರೆ ಅದರ ಮೇಲೆ ಹುಟ್ಟಿದ ಭಾಗಗಳೆಲ್ಲ ಆ ಸೊಟ್ಟವನ್ನೇ ಹೊತ್ತು ಹುಟ್ಟುತ್ತವೆ. ಯಂತ್ರಲೋಕದಲ್ಲಿ ತಾಯಿಯ ದೋಷ ಮಕ್ಕಳಿಗೆ ತಪ್ಪದು.

ಇಂದಿನ ನಕ್ಷೆಗಳಲ್ಲಿ ಈ ಮಾತನ್ನು ಹೇಳಲು ಒಂದು ಚಿಹ್ನೆಯೇ ಇದೆ: ಓರೆಯಾದ ಒಂದು ಪುಟ್ಟ ಚತುರ್ಭುಜ, ಅದರ ಪಕ್ಕದಲ್ಲಿ 0.05 ಎಂಬಂಥ ಅಂಕೆ. ಆ ಮುಖದ ಮೇಲಿನ ಬಿಂದುಗಳೆಲ್ಲವೂ 0.05 ಮಿಲಿಮೀಟರ್ ಅಂತರದಲ್ಲಿರುವ ಎರಡು ಆದರ್ಶ ಸಮತಲಗಳ ನಡುವೆ ಅಡಗಿರಬೇಕೆಂಬುದು ಅದರ ಅರ್ಥ. ಪೂರ್ಣ ಸಪಾಟನ್ನು ಯಾರೂ ಕೇಳುವುದಿಲ್ಲ; ಇಷ್ಟರ ಮಟ್ಟಿಗಿನ ತಪ್ಪನ್ನು ಸೈರಿಸುತ್ತೇವೆ ಎನ್ನುತ್ತಾರೆ. ಈ ಸೈರಣೆಗೆ ಬೇರಾವ ಮುಖದ ಆಸರೆಯೂ ಬೇಡ. ಮನೆಯ ಮಾಡಿನಂತೆ ಇಳಿಜಾರಾಗಿರುವ ಮುಖವೂ ಸಪಾಟಾಗಿರಬಹುದು. ಹೊಸ ಪರೀಕ್ಷಕರು ಎಡವುವುದು ಇಲ್ಲಿಯೇ: ಭಾಗವನ್ನು ನೇರವಾಗಿ ಫಲಕದ ಮೇಲಿಟ್ಟು ಸೂಚಿಯನ್ನು ಆಡಿಸಿದರೆ ಸೂಚಿಯು ಇಳಿಜಾರನ್ನೂ ಸೇರಿಸಿ ಹೇಳುತ್ತದೆ, ನಿರ್ದೋಷಿಯಾದ ಭಾಗ ತಿರಸ್ಕೃತವಾಗುತ್ತದೆ. ಅದನ್ನು ಮೂರು ತಿರುಪು ಊರುಗೋಲುಗಳ ಮೇಲಿರಿಸಿ, ಮೇಲ್ಮುಖದ ಮೂರು ಬಿಂದುಗಳನ್ನು ಒಂದೇ ಎತ್ತರಕ್ಕೆ ತಂದುಕೊಂಡು, ಅನಂತರ ಉಳಿದ ಬಿಂದುಗಳ ಏರಿಳಿತ ನೋಡಬೇಕು. ನುಣುಪಿಗೂ ಸಪಾಟಿಗೂ ಸಂಬಂಧ ಕಲ್ಪಿಸುವುದೂ ಸಲ್ಲದು. ಕನ್ನಡಿಯಂತೆ ಹೊಳೆಯುವ ತಗಡು ಬಾಗಿರಬಹುದು. ಉಳಿಯ ಗುರುತುಗಳಿಂದ ಚಿಟ್ಟೆಯ ರೆಕ್ಕೆಯಂತೆ ಕಾಣುವ ಹೆರೆದ ಫಲಕ ಅದಕ್ಕಿಂತ ಎಷ್ಟೋ ಮಿಗಿಲಾದ ಸಮತಲವಾಗಿರಬಹುದು.

ಸಮತಲದಿಂದ ಅವನು ಅಳತೆಗೆ ನಡೆದನು. ಎರಡು ನಿಜವಾದ ಸಮತಲಗಳು ದೊರೆತವೆಂದರೆ ಅವುಗಳ ನಡುವಣ ಅಂತರವನ್ನು ನಂಬಿಕೆಯಿಂದ ಅಳೆಯಬಹುದು. ಕಣ್ಣಿಗಿಂತ ಸ್ಪರ್ಶವೇ ಸೂಕ್ಷ್ಮವೆಂಬುದು ಅವನ ಸಿದ್ಧಾಂತ. ಅಂಗುಲಕ್ಕೆ 20 ಸುತ್ತುಗಳುಳ್ಳ ತಿರುಪು, ಅದಕ್ಕೆ 200 ಹಲ್ಲುಗಳ ಚಕ್ರ, ಅದನ್ನು ತಿರುಗಿಸುವ ಕೈಚಕ್ರದ ಅಂಚಿನಲ್ಲಿ 250 ಗೆರೆಗಳು; ಗುಣಿಸಿ ನೋಡಿದರೆ ಒಂದು ಗೆರೆಯ ಚಲನೆ ಅಂಗುಲದ ಹತ್ತು ಲಕ್ಷದಲ್ಲೊಂದು ಭಾಗ. ನಡುವೆ ಸಿಕ್ಕಿಸಿದ ಸಣ್ಣ ಉಕ್ಕಿನ ತುಂಡು ತನ್ನ ಭಾರಕ್ಕೆ ಬೀಳುವುದೋ ನಿಲ್ಲುವುದೋ ಎಂಬುದೇ ಅಲ್ಲಿಯ ತೀರ್ಪು. ಒಂದು ಗಜದ ಉಕ್ಕಿನ ಕಂಬಿಗೆ ಬೆರಳು ತಾಗಿಸಿದರೆ ಆ ಬಿಸುಪಿಗೆ ಅದು ಹಿಗ್ಗಿದ್ದನ್ನು ಈ ಯಂತ್ರ ಹೇಳುತ್ತಿತ್ತು.

1841ರಲ್ಲಿ ಅವನು ಕೈಹಾಕಿದ್ದು ತಿರುಪಿನ ಗೊಂದಲಕ್ಕೆ. ಒಂದೊಂದು ಕಮ್ಮಟಕ್ಕೂ ಒಂದೊಂದು ತಿರುಪಿದ್ದ ಕಾಲವದು. ಅವನು ಹಲವು ಕಮ್ಮಟಗಳಿಂದ ಬೋಲ್ಟುಗಳನ್ನು ತರಿಸಿ, ಸರಾಸರಿ ಹಿಡಿದು, 55 ಅಂಶದ ಕೋನವನ್ನು ಗೊತ್ತುಪಡಿಸಿದನು. ಹೊಸದನ್ನು ಹೇರದೆ ಇದ್ದವುಗಳ ನಡುವಿನದನ್ನು ಆರಿಸಿದ್ದರಿಂದ ಎಲ್ಲರೂ ಒಪ್ಪಿದರು. ಇಂಗ್ಲೆಂಡಿನ ಯಂತ್ರಗಳೊಂದಿಗೆ ಅವನ ಹೆಸರಿನ ಬೋಲ್ಟೂ ಸ್ಪ್ಯಾನರೂ ನಮ್ಮ ದೇಶದ ರೈಲ್ವೆ ಕಾರ್ಯಾಗಾರಗಳಿಗೂ ಬಂದವು. ಅವನನ್ನು ಎಂದೂ ಓದದ ಹಿರಿಯ ಫಿಟ್ಟರುಗಳ ಬಾಯಲ್ಲಿ ಆ ಹೆಸರು ಬಹುಕಾಲ ನೆಲೆಸಿತ್ತು.

ತಿರುಪಿನಲ್ಲಿ ತೋರಿದ ಈ ಹೊಂದಾಣಿಕೆ ಅವನ ಸ್ವಭಾವವಾಗಿರಲಿಲ್ಲ. 1854ರಲ್ಲಿ ಸರಕಾರವು ಎನ್‌ಫೀಲ್ಡ್ ಬಂದೂಕುಗಳನ್ನು ತಯಾರಿಸುವ ಯಂತ್ರಗಳಿಗಾಗಿ ಅವನನ್ನು ಕೇಳಿಕೊಂಡಿತು. ಒಳ್ಳೆಯ ಬಂದೂಕು ಯಾವುದೆಂದು ತಿಳಿಯದೆ ಅದರ ಯಂತ್ರವನ್ನು ಹೇಗೆ ಮಾಡಲೆಂಬುದು ಅವನ ಉತ್ತರ. ಅವನ ಮನೆಯ ಬಳಿ 500 ಗಜ ಉದ್ದದ ಗುಂಡುಹಾರಿಕೆಯ ಮಂಟಪವೊಂದನ್ನು ಸರಕಾರದ ಖರ್ಚಿನಲ್ಲಿ ಕಟ್ಟಿದರು. ಅದು ಬಿರುಗಾಳಿಗೆ ಕುಸಿದಾಗ ಮತ್ತೆ ಕಟ್ಟಿದರು. ಅಲ್ಲಿಂದ ಹೊರಬಂದುದು 0.451 ಅಂಗುಲದ ಷಟ್ಕೋನ ನಳಿಗೆಯ ಬಂದೂಕು. 1857ರ ಪರೀಕ್ಷೆಯಲ್ಲಿ 500 ಗಜದ ದೂರಕ್ಕೆ ಅದರ ಗುರಿತಪ್ಪು ಎನ್‌ಫೀಲ್ಡಿನದರ ಆರನೆಯ ಒಂದು ಪಾಲಿನಷ್ಟಿತ್ತು. ಆದರೂ ಸೈನ್ಯ ಅದನ್ನು ಸ್ವೀಕರಿಸಲಿಲ್ಲ. ನಳಿಗೆ ಸಣ್ಣದು, ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ, ಬೆಲೆ ಹೆಚ್ಚು ಎಂಬ ಆಕ್ಷೇಪಣೆಗಳು ಬಂದವು. ಅವುಗಳಲ್ಲಿ ಕೆಲವಕ್ಕೆ ಹುರುಳಿತ್ತು. ರಣರಂಗದ ಕೆಸರಿನಲ್ಲಿ ನಿಂತ ಸಿಪಾಯಿಗೆ ಪ್ರಯೋಗಶಾಲೆಯ ನಾಜೂಕು ಒಗ್ಗದು. ಆದರೆ ತಾನು ಪರಿಪೂರ್ಣವೆಂದು ಕಂಡುಕೊಂಡದ್ದನ್ನು ಸಮಿತಿಯ ಮಾತಿಗಾಗಿ ಎಳ್ಳಷ್ಟೂ ಮಾರ್ಪಡಿಸಲು ವಿಟ್‌ವರ್ತನು ಸಿದ್ಧನಿರಲಿಲ್ಲ. ಕಬ್ಬಿಣಕ್ಕೆ ಸೈರಣೆಯ ಮಿತಿಯನ್ನು ಅಂಗುಲದ ಸಾವಿರ ಭಾಗಗಳಲ್ಲಿ ಕಲಿಸಿದವನ ಬಳಿ ಮನುಷ್ಯರಿಗೆಂದು ಆ ಮಿತಿ ಬಹಳ ಕಿರಿದಾಗಿತ್ತು. ಮುಂದೆ 1871ರಲ್ಲಿ ಸೈನ್ಯವು ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ಬಂದೂಕಿನ ನಳಿಗೆ ಅವನು ಹೇಳಿದ ಅಳತೆಗೇ ಬಂದು ನಿಂತಿತು.

1860ರಲ್ಲಿ ವಿಂಬಲ್ಡನ್ನಿನ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಈ ಬಂದೂಕಿನಿಂದಲೇ. ಪೀಠದ ಮೇಲೆ ಭದ್ರಪಡಿಸಿದ್ದ ಅದರ ಗುಂಡು 400 ಗಜದಾಚೆ ಗುರಿಯ ನಡುಬಿಂದುವಿಗೆ ಎರಡು ಅಂಗುಲದೊಳಗೆ ತಾಗಿತು. ಸ್ವದೇಶದ ಸೈನ್ಯ ಬೇಡವೆಂದ ಬಂದೂಕನ್ನು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರು ಹಿಡಿದರು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಸೇನಾನಿ ಸೆಜ್‌ವಿಕ್ ಬಹುದೂರದ ಗುಂಡಿಗೆ ಬಲಿಯಾದದ್ದು ಇದರಿಂದಲೇ ಎಂದು ಬಹು ಮಂದಿ ನಂಬುತ್ತಾರೆ. ಕೆಮ್ಮಣ್ಣು ಸವರಿ ಫಲಕ ಹೆರೆದ ರಾತ್ರಿಗಳ ಶ್ರದ್ಧೆ ಅಲ್ಲಿಗೂ ಹೋಗಿ ಮುಟ್ಟಿತೆಂಬುದನ್ನು ಅವನ ಅಭಿಮಾನಿಗಳು ಮರೆಯಲಾಗದು.

ಮನೆಯ ಬಾಳು ಅಷ್ಟು ಸಮವಾಗಿರಲಿಲ್ಲ. ಫ್ಯಾನಿಯೂ ಅವನೂ ಕೊನೆಯ ವರ್ಷಗಳಲ್ಲಿ ಬೇರೆ ಬೇರೆಯಾಗಿ ಬಾಳಿದರು. 1870ರಲ್ಲಿ ಆಕೆ ತೀರಿಕೊಂಡಳು, ಮರುವರ್ಷ ಅವನು ಮೇರಿ ಲೂಯಿಸಾ ಎಂಬ ವಿಧವೆಯನ್ನು ವರಿಸಿದನು. ಮಕ್ಕಳಿರಲಿಲ್ಲ. 1857ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1869ರಲ್ಲಿ ಬ್ಯಾರೊನೆಟ್ ಪದವಿಯೂ ಬಂದವು. ಅವುಗಳಿಗಿಂತ ದೊಡ್ಡದೆಂದು ನಾನು ತಿಳಿಯುವುದು 1868ರಲ್ಲಿ ಅವನು ಸ್ಥಾಪಿಸಿದ, ವರ್ಷಕ್ಕೆ 100 ಪೌಂಡುಗಳ 30 ವಿದ್ಯಾರ್ಥಿವೇತನಗಳನ್ನು. ಪುಸ್ತಕದ ವಿದ್ಯೆಯ ಜೊತೆಗೆ ಅರವನ್ನೂ ಉಳಿಯನ್ನೂ ಹಿಡಿದು ತೋರಿಸಬಲ್ಲ ಕೈ ಇದ್ದವರಿಗೇ ಅವು ಮೀಸಲು. ಶಾಲೆಯನ್ನು ಬೇಗನೆ ಬಿಟ್ಟ ಹುಡುಗನು ಸಂಪಾದಿಸಿದ ಹಣ ಇಂದಿಗೂ ಆ ಹೆಸರಿನಲ್ಲಿ ಯಂತ್ರಶಿಲ್ಪ ವಿದ್ಯಾರ್ಥಿಗಳಿಗೆ ಸಲ್ಲುತ್ತಿದೆ.

ಕೊನೆಯ ದಿನಗಳನ್ನು ಡರ್ಬಿಷೈರಿನ ಸ್ಟ್ಯಾನ್‌ಕ್ಲಿಫ್ ಭವನದಲ್ಲಿ, ತೋಟ ಬೆಳೆಸುತ್ತ ಕಳೆದನು. ಅಲ್ಲಿದ್ದ ಬಿಲಿಯರ್ಡ್ಸ್ ಮೇಜು ಕಬ್ಬಿಣದ್ದು. ಅದರ ಸಪಾಟು ಆ ಸೀಮೆಗೆಲ್ಲ ಹೆಸರಾಗಿತ್ತು. ಚಳಿಗಾಲಗಳಲ್ಲಿ ವೈದ್ಯರ ಮಾತಿನಂತೆ ದಕ್ಷಿಣ ಯೂರೋಪಿನ ಕಡಲತೀರಕ್ಕೆ ಹೋಗುವುದು ರೂಢಿಯಾಯಿತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡನು. ಶವವನ್ನು ಸ್ವದೇಶಕ್ಕೆ ತಂದು ಡಾರ್ಲಿ ಡೇಲಿನ ಚರ್ಚಿನ ಅಂಗಳದಲ್ಲಿ ಮಣ್ಣುಮಾಡಿದರು.